ಕೆಂಪು ವೈನ್ ಪಕ್ಕಕ್ಕೆ ನಮ್ಮ ಅಡುಗೆ

ಬೆಂಗಳೂರಿನ ರೆಸ್ಟೋರೆಂಟಿನಲ್ಲಿ ವೈನ್ ಬಡಿಸುವುದು ನನ್ನ ಕೆಲಸ. ಡ್ರೈ, ಅಂದರೆ ಸಿಹಿಯಿಲ್ಲದ, ರೆಡ್ ವೈನ್ ನಮ್ಮ ಊಟಕ್ಕೆ ಹೊಂದದು ಎನ್ನುವವರನ್ನು ದಿನವೂ ಕಾಣುತ್ತೇನೆ. ಹೊಂದುತ್ತದೆ. ಆದರೆ ತಟ್ಟೆಯಲ್ಲಿ ಮಾಂಸವಿದೆಯೋ ತರಕಾರಿಯೋ ಎಂದು ನೋಡಿದರೆ ಸಾಲದು. ಜಿಡ್ಡೆಷ್ಟು, ಹುಳಿಯೆಷ್ಟು, ಖಾರವೆಷ್ಟು ಎಂದು ಕೇಳಬೇಕು.

1. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬುದು ಯುರೋಪಿನ ತಣ್ಣನೆಯ ಮನೆಗಳ ಮಾತು. ನಮ್ಮ ಏಪ್ರಿಲ್ ಸೆಕೆಯಲ್ಲಿ ಮೂಗಿಗೆ ಹಣ್ಣಿಗಿಂತ ಮೊದಲು ಆಲ್ಕೋಹಾಲ್ ಹೊಡೆಯುತ್ತದೆ. 16ರಿಂದ 18 ಡಿಗ್ರಿ ಹದ.

2. ಗ್ಲಾಸನ್ನು ತಿರುಗಿಸುವ ಮೊದಲೊಮ್ಮೆ, ತಿರುಗಿಸಿದ ಮೇಲೊಮ್ಮೆ ಮೂಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ; ಸಂಕೋಚವಿಲ್ಲದೆ ವಾಪಸ್ ಕಳಿಸಿ. ಕ್ಯಾಬರ್ನೆ ಸೊವಿನ್ಯೋನ್‌ನಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬಂದರೆ ಮಾತ್ರ ಅದು ಕೆಟ್ಟದ್ದಲ್ಲ. ಪೈರಜೀನ್ ಎಂಬ ವಸ್ತು ಆ ದ್ರಾಕ್ಷಿಯಲ್ಲೇ ಇರುತ್ತದೆ, ಹಣ್ಣು ಮಾಗಿದಂತೆ ಕಡಿಮೆಯಾಗುತ್ತದೆ.

3. ಮೊದಲ ಗುಟುಕನ್ನು ನಂಬಬೇಡಿ, ಬಾಯಿ ಇನ್ನೂ ಸಿದ್ಧವಾಗಿರುವುದಿಲ್ಲ. ಎರಡನೆಯದನ್ನು ಬಾಯೆಲ್ಲ ಆಡಿಸಿ. ಒಸಡು, ಕೆನ್ನೆಯ ಒಳಭಾಗ ನೇರಳೆಹಣ್ಣು ತಿಂದಂತೆ ಬಿಗಿಯುತ್ತದಲ್ಲ, ಆ ಒಗರೇ ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗುತ್ತದೆ. ಊಟದಲ್ಲಿ ಕೊಬ್ಬು, ಪ್ರೋಟೀನ್, ಉಪ್ಪು ಇದ್ದರೆ ಒಗರು ಮೆತ್ತಗಾಗುತ್ತದೆ. ಜೋಡಿಸುವ ಕೆಲಸದ ಅರ್ಧ ಪಾಲು ಇಷ್ಟೇ.

4. ನನ್ನ ಮೆಚ್ಚಿನ ಜೋಡಿ ಕೊಡಗಿನ ಪಂದಿ ಕರಿ ಮತ್ತು ಶಿರಾಜ್. ಶಿರಾಜ್‌ನಲ್ಲಿ ಎಷ್ಟೋ ಸಲ ಕರಿಮೆಣಸಿನ ಘಮ ಸಿಗುತ್ತದೆ. ಅದು ಬರೀ ವರ್ಣನೆಯಲ್ಲ: ರೋಟಂಡೋನ್ ಎಂಬ ಒಂದೇ ವಸ್ತು ವೈನಿನಲ್ಲೂ ಇದೆ, ಮೆಣಸಿನ ಕಾಳಿನಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ ಎಂದೂ ಕಂಡುಕೊಂಡರು. ಹಾಗಾಗಿ ಮೇಜಿನಲ್ಲಿ ಯಾರಾದರೂ 'ನನಗೇನೂ ಬರುತ್ತಿಲ್ಲ' ಎಂದರೆ ಒತ್ತಾಯಿಸಬೇಡಿ. ಪಂದಿಯ ಚರ್ಮದಡಿಯ ಕೊಬ್ಬು ಒಗರನ್ನು ಇಳಿಸುತ್ತದೆ, ಹುರಿದು ಕಪ್ಪಾದ ಮಸಾಲೆ ವೈನಿನ ಹೊಗೆಯ ಛಾಯೆಯನ್ನು ಎತ್ತಿಕೊಡುತ್ತದೆ. ಕರಿಗೆ ಹಾಕುವ ಹುಳಿ, ಅಂದರೆ ಕಾಚಂಪುಳಿ, ಮಾತ್ರ ಹಿಡಿತದಲ್ಲಿರಬೇಕು. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗುತ್ತದೆ. ಜೊತೆಗಿರುವ ಅಕ್ಕಿಯುಂಡೆ ಕಡಂಬುಟ್ಟನ್ನು ಮುರಿದು, ಗೊಜ್ಜಿನಲ್ಲಿ ಅದ್ದಿ, ನುಂಗಿದ ಮೇಲೆ ಕುಡಿಯಿರಿ. ತುತ್ತು ಬಾಯಲ್ಲಿರುವಾಗ ಬೇಡ.

5. ಖಾರಕ್ಕೂ ಒಗರಿಗೂ ಆಗಿಬರುವುದಿಲ್ಲ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಟ್ಯಾನಿನ್ ಒರಟಾಗುತ್ತದೆ. ಆದರೆ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಬ್ಯಾಡಗಿಯಲ್ಲೇ ಮಾಡಿದ ಕುಂದಾಪುರದ ಕೋಳಿ ಘೀ ರೋಸ್ಟಿಗೆ ಒಗರು ಕಡಿಮೆಯಿರುವ ಕೆಂಪು ವೈನನ್ನು ಧೈರ್ಯವಾಗಿ ಕೊಡುತ್ತೇನೆ. ಗುಂಟೂರು ಮೆಣಸಿನಕಾಯಿಯ ಅಡುಗೆಗೆ ಕೊಡುವುದಿಲ್ಲ.

6. ಸಸ್ಯಾಹಾರಿಗಳಿಗೆ ಬದನೆಕಾಯಿ ಎಣ್ಣೆಗಾಯಿ. ಶೇಂಗಾ, ಎಳ್ಳು, ಗುರೆಳ್ಳಿನ ಜಿಡ್ಡು ಮಾಂಸದ ಕೊಬ್ಬಿನ ಕೆಲಸವನ್ನೇ ಮಾಡುತ್ತದೆ, ಜೋಳದ ರೊಟ್ಟಿಯ ಸುಟ್ಟ ರುಚಿಯೂ ಕೂಡುತ್ತದೆ. ಬೆಲ್ಲ ಹಾಕಬೇಡಿ ಎಂದು ಅಡುಗೆಮನೆಗೆ ಮೊದಲೇ ಹೇಳುತ್ತೇನೆ, ಏಕೆಂದರೆ ಸಿಹಿ ತಗುಲಿದ ಬಾಯಿಗೆ ಡ್ರೈ ವೈನ್ ಹುಳಿಯಾಗಿ, ಕಹಿಯಾಗಿ ಕಾಣುತ್ತದೆ. ಬೆಲ್ಲ ಬಿದ್ದ ಸಾಂಬಾರಿನ ಜೊತೆ ಈ ವೈನ್ ಬೇಡವೇ ಬೇಡ.

7. ಬಂಗುಡೆ, ಬೂತಾಯಿಗೂ ಬೇಡ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯೊಡನೆ ಸೇರಿದರೆ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಯುತ್ತದೆ. ಕರಾವಳಿಯ ಮೀನೂಟಕ್ಕೆ ತಣ್ಣನೆಯ ಬಿಳಿ ವೈನ್ ತೆರೆಯಿರಿ. ಕೆಂಪು ಬಾಟಲಿ ಆಗಲೇ ತೆರೆದಿದ್ದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ಏನೂ ಆಗದು.