ದೀಪದ ಬುಡದಲ್ಲಲ್ಲ, ಕೈಯ ಬಳಿ ಅಳೆಯಿರಿ

ಮಕ್ಕಳೇ, ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗೋ, ಹನೂರಿನ ಕಡೆಯ ಸೋಲಿಗರ ಪೋಡಿಗೋ, ಯಳಂದೂರಿನ ಹಳ್ಳಿಶಾಲೆಗೋ ನಾಳೆ ದೀಪ ಹಾಕುವವರು ನೀವು. ಎಷ್ಟು ವ್ಯಾಟಿನ ಬಲ್ಬು ಎಂದು ಕೇಳುವ ಮೊದಲು ಬೆಳಕು ಎಲ್ಲಿ ಬೀಳಬೇಕೆಂದು ನೋಡಿ. ವ್ಯಾಟ್ ಹೇಳುವುದು ಕರೆಂಟಿನ ಖರ್ಚು. ದೀಪ ಸೂಸುವ ಒಟ್ಟು ಬೆಳಕು ಲ್ಯುಮೆನ್. ಮಗ್ಗದ ಹಾಸಿನ ಮೇಲೆ, ಪುಸ್ತಕದ ಮೇಲೆ ಬಿದ್ದದ್ದೆಷ್ಟು ಎಂಬುದು ಲಕ್ಸ್. ಕೆಲಸ ನಡೆಯುವುದು ಈ ಲಕ್ಸಿನಲ್ಲಿ.

ಬಲ್ಬಿನಿಂದ ಒಂದು ಮೀಟರಿಗೆ 200 ಲಕ್ಸ್ ಇದ್ದರೆ ಎರಡು ಮೀಟರಿಗೆ 50 ಮಾತ್ರ. ಓರೆಯಾಗಿ ಬಿದ್ದರೆ ಇನ್ನೂ ತಗ್ಗುತ್ತದೆ; ಲಂಬದಿಂದ 60 ಡಿಗ್ರಿ ವಾಲಿದರೆ ಅರ್ಧ. ಲ್ಯಾಂಬರ್ಟ್ ಎಂಬ ವಿಜ್ಞಾನಿ 1760ರ ತನ್ನ ಗ್ರಂಥದಲ್ಲೇ ಇದಕ್ಕೆ ಲೆಕ್ಕ ಕಟ್ಟಿಕೊಟ್ಟ. ಆದರೆ ಅದು ಚುಕ್ಕಿಯಂಥ ದೀಪದ ಲೆಕ್ಕ. ನಾಲ್ಕಡಿಯ ಟ್ಯೂಬ್‌ಲೈಟನ್ನು ಮಗ್ಗದ ಹತ್ತಿರವೇ ಕಟ್ಟಿದಾಗ ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕಲ್ಲ, ಸುಮಾರು ಅರ್ಧಕ್ಕೆ ಇಳಿಯುತ್ತದೆ. ದೀಪದ ಉದ್ದದ ಐದು ಪಟ್ಟು ದೂರ ಸರಿದ ಮೇಲೆಯೇ ಮೊದಲ ಲೆಕ್ಕವನ್ನು ನಂಬಿ.

ಗೋಡೆಯನ್ನೂ ಲೆಕ್ಕಕ್ಕೆ ಸೇರಿಸಿ. ಹೊಸದಾಗಿ ಸುಣ್ಣ ಬಳಿದ ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೇ ಮರಳಿಸುತ್ತದೆ. ಹೊಗೆ ಹಿಡಿದದ್ದು ನುಂಗಿಬಿಡುತ್ತದೆ. ಸಣ್ಣ ಸೋಲಾರ್ ದೀಪವೊಂದೇ ಇರುವ ಮನೆಗೆ ಸುಣ್ಣವೇ ದೊಡ್ಡ ಉಪಕಾರ.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದುಕೊಳ್ಳಬೇಡಿ. ರೇಷ್ಮೆಹುಳುವಿಗೆ 15ರಿಂದ 30 ಲಕ್ಸಿನ ಮಂದ ಬೆಳಕೇ ಹಿತ. ಅದೇ ರೇಷ್ಮೆಯನ್ನು ನೇಯುವಾಗ ಕಡಿದ ಎಳೆ ಕಾಣಲು ಅದರ ಹತ್ತಾರು ಪಟ್ಟು ಬೇಕು. ದೀಪ ಬೆನ್ನ ಹಿಂದಿದ್ದರೆ ನೇಕಾರರ ನೆರಳೇ ಹಾಸಿನ ಮೇಲೆ ಬೀಳುತ್ತದೆ.

ಲಕ್ಸ್ ಅಳೆಯುವ ಮೀಟರಿಲ್ಲವೆಂದು ಸುಮ್ಮನಾಗಬೇಡಿ. ಬಿಳಿ ಕಾಗದಕ್ಕೆ ಒಂದು ಹನಿ ಎಣ್ಣೆ ಹಾಕಿ, ಕತ್ತಲ ಕೋಣೆಯಲ್ಲಿ ಎರಡು ದೀಪಗಳ ನಡುವೆ ಹಿಡಿದು ಸರಿಸಿ. ಎರಡೂ ಕಡೆಯ ಬೆಳಕು ಸಮವಾದಲ್ಲಿ ಎಣ್ಣೆಕಲೆ ಕಣ್ಣಿಗೆ ಮಾಸುತ್ತದೆ. ಆಗ ಒಂದು ದೀಪ ಒಂದು ಮೀಟರ್, ಇನ್ನೊಂದು ಎರಡು ಮೀಟರ್ ದೂರದಲ್ಲಿದ್ದರೆ ಎರಡನೆಯದರ ಬಲ ನಾಲ್ಕು ಪಟ್ಟು. ಬುನ್ಸೆನ್ ಎಂಬ ವಿಜ್ಞಾನಿ 19ನೇ ಶತಮಾನದಲ್ಲಿ ಬಳಸಿದ ಉಪಾಯವಿದು.

ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆಯಿರಿ. ಎರಡೂ ತಾಳೆಯಾಗದಿದ್ದರೆ ಅಳತೆಯನ್ನು ಮತ್ತೊಮ್ಮೆ ನೋಡಿ, ಲೆಕ್ಕವನ್ನು ತಿದ್ದಿ. ಕಡೆಗೆ ಮಗ್ಗದ ಮುಂದೆ ಕೂತವರನ್ನು ಕೇಳಿ. ಎಳೆ ಕಾಣುತ್ತದೆ ಎಂದು ಅವರು ಹೇಳುವವರೆಗೆ ಏಣಿ ಎತ್ತಬೇಡಿ.