ಬಾಳೆಗೊಂದು ಗಾಳ, ಮುರುಗೋಡಿಗೊಂದು ಗಾಳ

‘ಕ್ಯಾಟ್‌ಫಿಶ್ ಹಿಡಿಯೋಕೆ ಯಾವ ಗಾಳ ತಗೊಳ್ಲಿ?’ ಎಂದು ಕೇಳುವ ಹುಡುಗರಿಗೆ ನಾನು ವಾಪಸ್ ಕೇಳುವುದು ಒಂದೇ: ಯಾವ ನೀರಿಗೆ ಹೋಗ್ತೀಯಪ್ಪಾ? ಶ್ರೀರಂಗಪಟ್ಟಣದ ಹೊಳೆಗೆ ಹೋಗುವವನಿಗೆ ಬೇಕಾದದ್ದು ಬಾಳೆ ಮೀನು. ನಾಗಮಂಗಲದ ಕಡೆ ಕೆರೆಗೆ ಹೋಗುವವನಿಗೆ ಸಿಗುವುದು ಮುರುಗೋಡು, ಚೇಳು ಮೀನು. ನಾಲೆಯಲ್ಲಾದರೆ ಗಿರ್ಲು, ಅದೃಷ್ಟವಿದ್ದರೆ ಗೊದ್ಲೆ. ಎಲ್ಲಕ್ಕೂ ಮೀಸೆ ಇದೆ ಎನ್ನುವುದು ಬಿಟ್ಟರೆ ಬಾಯಿ ಬೇರೆ, ಹಲ್ಲು ಬೇರೆ, ಮೇಯುವ ಹೊತ್ತೂ ಬೇರೆ. ಇದು ಗೊತ್ತಿಲ್ಲದೆ ನಾಲ್ಕೈದು ಸಾವಿರದ ಕೋಲು ಕೊಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ನನಗೆ ಇದನ್ನು ತಲೆಗೆ ತುಂಬಿದವರು ಗಂಜಾಂ ಕಡೆಯ ಒಬ್ಬ ಬೆಸ್ತರ ಯಜಮಾನರು. ನಾನು ತಂದ ಗಾಳದ ಡಬ್ಬಿಯನ್ನು ಬಿಚ್ಚಿ ನೋಡಿ, ‘ಅಂಗಡಿಯವ್ನು ಕೊಟ್ಟುದ್ನೆಲ್ಲಾ ಕಟ್ಬ್ಯಾಡ ಕಣಪ್ಪ. ಮೀನಿನ್ ಬಾಯಿ ನೋಡು, ಆಮೇಲೆ ಕಟ್ಟು’ ಅಂದರು. ಅವತ್ತೇ ಬುಟ್ಟಿಯಲ್ಲಿದ್ದ ಒಂದು ಬಾಳೆಯ ಬಾಯನ್ನು ಕಡ್ಡಿಯಲ್ಲಿ ಅಗಲಿಸಿ ತೋರಿಸಿದರು. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿಕೊಂಡಿತ್ತು. ಮೇಲೂ ಕೆಳಗೂ ಅರದ ಹಾಗೆ ಒತ್ತೊತ್ತಾಗಿ ಸಣ್ಣ ಚೂಪು ಹಲ್ಲು, ಎಲ್ಲವೂ ಒಳಮುಖವಾಗಿ ಬಾಗಿದವು. ಆ ಬಾಯಿಗೆ ಬರೀ ತಂಗೂಸಿ ದಾರ ಕೊಟ್ಟರೆ ಎಷ್ಟು ಹೊತ್ತು ತಡೆದೀತು?

ಆದ್ದರಿಂದ ಬಾಳೆಗೆ ಗಾಳದ ಮೇಲೆ ಒಂದು ಗೇಣಾದರೂ ತಂತಿ ಇರಲೇಬೇಕು. ಅಂಗಡಿಯಲ್ಲಿ ಸಿಗುವ ಸ್ಟೀಲ್ ಲೀಡರ್ ಒಳ್ಳೆಯದೇ. ಸಿಗದಿದ್ದರೆ ಸೈಕಲ್ ಬ್ರೇಕ್ ವೈರಿನ ಎಳೆಗಳನ್ನು ಬಿಡಿಸಿ ಎರಡೆಳೆ ಹುರಿ ಮಾಡಿಕೊಂಡರೂ ನಡೆಯುತ್ತದೆ. ಗಾಳ 5/0 ಅಥವಾ 6/0. ದಾರ 0.45 ಮಿಲಿಮೀಟರಿಗಿಂತ ಕಡಿಮೆ ಬೇಡ. ಬಾಳೆ ಒಂದು ಮೀಟರಿಗೂ ಮೀರಿ ಬೆಳೆಯುವ ಮೀನು, ಕಲ್ಲುಬಂಡೆಗಳ ನಡುವೆ ನುಗ್ಗಿತೆಂದರೆ ದಾರ ಕಲ್ಲಿಗೇ ತೇದು ಹೋಗುತ್ತದೆ. ತಂತಿಗೂ ದಾರಕ್ಕೂ ನಡುವೆ ಒಂದು ಸ್ವಿವೆಲ್ ಹಾಕಿ. ಮೀನು ಹೊರಳಿದಾಗ ದಾರ ಹುರಿಗೊಳ್ಳುವುದಿಲ್ಲ.

ಎರೆ ಏನು? ಬಾಳೆ ಬೇಟೆಗಾರ ಮೀನು, ಮೀನನ್ನೇ ತಿನ್ನುವುದು. ಪಕ್ಕೆ, ಸಸಲು ಇಂಥ ಬೆರಳುದ್ದದ ಮೀನು ಸಾಕು, ಅದೇ ಹೊಳೆಯಲ್ಲಿ ಹಿಡಿದದ್ದಾದರೆ ಇನ್ನೂ ಉತ್ತಮ. ಗಾಳದ ಮೊನೆಯನ್ನು ಬಾಲದ ಹತ್ತಿರ ಬೆನ್ನಿಗೆ ಚುಚ್ಚಿ, ಬೆನ್ನುಮೂಳೆಯ ಮೇಲ್ಗಡೆಯಿಂದ ಆಚೆ ತೆಗೆದು, ಮೊನೆ ಪೂರ್ತಿ ಹೊರಗೆ ಕಾಣುವ ಹಾಗೆ ಬಿಡಬೇಕು. ಮೊನೆ ಎರೆಯೊಳಗೆ ಹೂತುಹೋದರೆ ಬಾಳೆ ಕಚ್ಚುತ್ತದೆ, ಗಾಳ ಮಾತ್ರ ಅದರ ಬಾಯಿಗೆ ನಾಟುವುದಿಲ್ಲ. ಸೀಸದ ಗುಂಡು ಚಿಕ್ಕದಿರಲಿ. ಎರೆ ಕೆಸರಿಗೆ ಇಳಿದು ಕೂರುವ ಬದಲು ನೀರಿನ ಸೆಳವಿಗೆ ಸ್ವಲ್ಪ ಅಲ್ಲಾಡುತ್ತಿದ್ದರೆ ಬಾಳೆಯ ಕಣ್ಣಿಗೆ, ಮೀಸೆಗೆ ಬೇಗ ತಾಗುತ್ತದೆ.

ಕೋಳಿ ಕರುಳಿನ ವಿಷಯಕ್ಕೆ ಬರೋಣ. ನಾತ ಹೊಡೆದಷ್ಟೂ ಮೀನು ಹೆಚ್ಚು ಬರುತ್ತದೆ ಎನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ಮೀಸೆ ಮೀನುಗಳಿಗೆ ರುಚಿ ಗೊತ್ತಾಗುವುದು ಬಾಯಿಂದ ಮಾತ್ರವಲ್ಲ, ಮೀಸೆಯಲ್ಲೂ ಮೈ ಚರ್ಮದಲ್ಲೂ ಅವಕ್ಕೆ ರುಚಿ ಮೊಗ್ಗುಗಳಿವೆ. ಹಾಗಾಗಿ ವಾಸನೆ, ರುಚಿ ಕೆಲಸ ಮಾಡುವುದು ನಿಜ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಗೇಟು ತೆಗೆದು ಹೊಳೆ ಕೆಂಪಗೆ ಹರಿಯುವಾಗ ಕಣ್ಣಿಗೆ ಏನೂ ಕಾಣದ ನೀರಿನಲ್ಲಿ ಕರುಳು, ಈಲಿಗಳೇ ಗೆಲ್ಲುವುದು. ಆದರೆ ಕೊಳೆತದ್ದು ಬೇರೆ, ವಾಸನೆಯಿರುವುದು ಬೇರೆ. ಕೊಳೆತ ಈಲಿ ನೀರಿಗೆ ಬಿದ್ದ ಕೂಡಲೇ ಗಾಳದಿಂದ ಕಳಚಿ ಹೋಗುತ್ತದೆ. ನಾನು ಹಸಿ ಈಲಿಗೆ ಹಿಂದಿನ ರಾತ್ರಿಯೇ ಉಪ್ಪು ಸವರಿ ಇಡುತ್ತೇನೆ. ಬೆಳಿಗ್ಗೆ ನೀರು ಬಿಟ್ಟುಕೊಂಡು ಗಟ್ಟಿಯಾಗಿರುತ್ತದೆ. ಗಾಳಕ್ಕೆ ಸಿಕ್ಕಿಸಿ ಹೊಲಿಗೆ ದಾರದಿಂದ ನಾಲ್ಕು ಸುತ್ತು ಸುತ್ತಿದರೆ ಎಷ್ಟು ಬೀಸಿ ಎಸೆದರೂ ಉದುರುವುದಿಲ್ಲ.

ಕೆ.ಆರ್. ಪೇಟೆ ಕಡೆ ಹೇಮಾವತಿಯ ನೀರು ಬೇರೆ ಥರ. ಮಂದಗೆರೆ, ಹೇಮಗಿರಿ ಕಟ್ಟೆಗಳ ಕೆಳಗೆ ನೀರು ಧುಮುಕಿ ನೊರೆಯೆದ್ದು ಮುಂದೆ ಮಡುವಾಗಿ ನಿಲ್ಲುತ್ತದಲ್ಲ, ಅಲ್ಲಿ ಸಣ್ಣ ಮೀನುಗಳು ದಿಕ್ಕುತಪ್ಪಿ ಗುಂಪಾಗಿರುತ್ತವೆ. ಬಾಳೆ ಆ ನೊರೆಯ ಅಂಚಿನಲ್ಲೇ ಕಾದಿರುತ್ತದೆ. ಸಂಜೆ ಹೊತ್ತು ಮುಳುಗಿದ ಮೇಲಿನ ಮೊದಲ ತಾಸು ಅಲ್ಲಿ ಚಿನ್ನ. ಡಿಸೆಂಬರ್, ಜನವರಿಯ ಚಳಿಯಲ್ಲಿ ಅದೇ ಜಾಗ ಹೆಚ್ಚುಕಡಿಮೆ ಸತ್ತ ಹಾಗಿರುತ್ತದೆ.

ನಾಗಮಂಗಲದ ಕೆರೆಗಳಿಗೆ ಈ ಸರಂಜಾಮು ಹೊತ್ತು ಹೋಗುವುದು ದಂಡ. ಅಲ್ಲಿ ನಿಂತ ನೀರು, ಜೊಂಡು, ಅಂತರಗಂಗೆ, ಮೊಣಕಾಲುದ್ದದ ಕೆಸರು. ಮುರುಗೋಡು ಗಾಳಿ ಕುಡಿಯಲು ಮೇಲೆ ಬರುವ ಮೀನು. ಸಂಜೆ ಜೊಂಡಿನ ಅಂಚಿನಲ್ಲಿ ಸುಮ್ಮನೆ ಕೂತು ನೋಡಿದರೆ ಗುಳ್ಳೆ ಎಲ್ಲೆಲ್ಲಿ ಏಳುತ್ತದೆ ಎಂದು ತಿಳಿಯುತ್ತದೆ. ಗುಳ್ಳೆ ಎದ್ದ ಕಡೆ ಗಾಳ ಬಿಡಿ. ಬಿದಿರು ಕೋಲು, ಬೆಂಡು, 0.30ರ ದಾರ, 1 ಅಥವಾ 1/0 ನಂಬರಿನ ಗಾಳ, ಇಷ್ಟೇ. ತಂತಿ ಬೇಡ. ಎರೆಹುಳು ಒಂದಲ್ಲ, ಮೂರ್ನಾಲ್ಕನ್ನು ಒಟ್ಟಿಗೆ ಪೋಣಿಸಿ ತುದಿಗಳನ್ನು ಜೋತುಬಿಡಬೇಕು. ತಿಪ್ಪೆ ಪಕ್ಕದ ಒದ್ದೆ ಮಣ್ಣಿನಲ್ಲಿ ಸಿಗುವ ಕೆಂಪು ಹುಳುವಿಗಿಂತ ಬಾಳೆತೋಟದ ದಪ್ಪ ಹುಳು ಗಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆಂಡು ಒಮ್ಮೆ ನಡುಗಿ, ಪಕ್ಕಕ್ಕೆ ಸರಿದು, ಆಮೇಲೆ ಮೆಲ್ಲಗೆ ಮುಳುಗುತ್ತದೆ. ಸರಿಯುವಾಗ ಎಳೆಯಬೇಡಿ, ಪೂರ್ತಿ ಮುಳುಗಲಿ. ಬೆಂಡು ಟಕಟಕ ಕುಣಿದರೆ ಅದು ಮುರುಗೋಡಲ್ಲ, ಗಿರ್ಲು ಹುಳು ಕದಿಯುತ್ತಿದೆ ಎಂದರ್ಥ.

ಚೇಳು ಮೀನಿನ ಬಗ್ಗೆ ಎಚ್ಚರ. ಎದೆಯ ಎರಡು ರೆಕ್ಕೆಗಳಲ್ಲಿ ವಿಷದ ಮುಳ್ಳಿದೆ. ಚುಚ್ಚಿದರೆ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ ಇಟ್ಟುಕೊಂಡರೆ ಉರಿ ಇಳಿಯುತ್ತದೆ, ಆ ವಿಷ ಬಿಸಿಗೆ ಕೆಡುವಂಥದ್ದು. ಊತ ಏರಿದರೆ ಡಾಕ್ಟರ ಹತ್ತಿರ ಹೋಗಿ. ನನ್ನ ಚೀಲದಲ್ಲಿ ಗಾಳಕ್ಕಿಂತ ಮೊದಲು ಇರುವುದು ಇಕ್ಕಳ, ಹಳೆ ಗೋಣಿತಾಟು.

ಪಾಂಡವಪುರದ ತೊಣ್ಣೂರು ಕೆರೆ ನನಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ನೀರು ತಿಳಿ, ಆಳ ಜಾಸ್ತಿ, ಮೀನಿಗೆ ದಾರ ಕಾಣುತ್ತದೆ. ಹಗಲು ಹೊತ್ತಿನಲ್ಲಿ ಅಲ್ಲಿ ಮೀಸೆ ಮೀನಿಗೆ ಕೂರುವುದಕ್ಕಿಂತ ಮನೆಯಲ್ಲಿ ಮಲಗುವುದು ಲೇಸು. ವಿ.ಸಿ. ನಾಲೆಯ ಕಥೆ ಬೇರೆ. ಕಟ್ಟುನೀರು ಬಿಟ್ಟಾಗ ಸೆಳವು ಜೋರು, ನಿಲ್ಲಿಸಿದಾಗ ತೂಬು, ಸೇತುವೆ ಕೆಳಗಿನ ಗುಂಡಿಗಳಲ್ಲಿ ಮೀನು ಒಟ್ಟಾಗುತ್ತದೆ. ಗದ್ದೆ ಬದುವಿನ ಮಿಡತೆಯೊಂದು ಅಲ್ಲಿಗೆ ಸಾಕು. ಆದರೆ ನಾಲೆಯ ಇಳಿಜಾರಿಗೆ ಮಾತ್ರ ಇಳಿಯಬೇಡಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿದರೆ ಹತ್ತಲು ಹಿಡಿಯಲು ಏನೂ ಸಿಗದು.

ಕಾವೇರಿಯ ದಡದಲ್ಲೂ ಕತ್ತಲಾದ ಮೇಲೆ ನೀರಿಗೆ ಕಾಲಿಳಿಬಿಟ್ಟು ಕೂರಬಾರದು, ಶ್ರೀರಂಗಪಟ್ಟಣದ ಸುತ್ತ ಮೊಸಳೆ ಇದೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಗಾಳ ಹಾಕುವುದೇ ಅಪರಾಧ. ಅದರ ಮೇಲೆ ಕೆಳಗೆ ಎಲ್ಲೇ ಕೂತರೂ ತುಂಡಾದ ತಂಗೂಸಿಯನ್ನು ಅಲ್ಲೇ ಬಿಟ್ಟು ಬರಬೇಡಿ, ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ಬಿಡಿಸಿಕೊಳ್ಳಲಾರದು. ಕೆರೆಯಾದರೆ ಮೀನು ಹರಾಜು ಹಿಡಿದವರನ್ನು ಮೊದಲು ಮಾತಾಡಿಸಿ. ಒಂದು ಕೋಲಿಗೆ ಬೇಡ ಎನ್ನುವವರು ಕಡಿಮೆ, ಕೇಳದೆ ಕೂತರೆ ಬೈಯದವರೂ ಕಡಿಮೆ.

ದುಡ್ಡು ಎಲ್ಲಿ ಹಾಕಬೇಕು ಎಂದರೆ, ಕೋಲಿಗಲ್ಲ. ಒಳ್ಳೆಯ ಗಾಳ, ಒಳ್ಳೆಯ ದಾರ, ಮೊನೆ ಉಜ್ಜಲು ಒಂದು ಸಣ್ಣ ಅರ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಅರದಿಂದ ಉಜ್ಜಿ, ಕಚ್ಚಿ ನಿಂತರೆ ನೀರಿಗೆ ಬಿಡಿ. ರೀಲಿನ ಬ್ರೇಕನ್ನು ದಾರ ತುಂಡಾಗುವುದಕ್ಕೆ ಮುಂಚೆ ಬಿಟ್ಟುಕೊಡುವಷ್ಟು ಸಡಿಲ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಈಚೆಗೆ ನಮ್ಮ ಕೆರೆಗಳಲ್ಲಿ ಏನು ಕಟ್ಟಿದರೂ ನುಂಗುವ, ಮೈಯೆಲ್ಲ ಕಪ್ಪು ಮಚ್ಚೆಯ, ಹಲಗೆಯಂಥ ತಲೆಯ ಭಾರಿ ಮೀನೊಂದು ಗಾಳಕ್ಕೆ ಬೀಳುತ್ತದೆ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆ ನಿಷೇಧಿಸಿದೆ. ಸೇರಿದ ಕೆರೆಯಲ್ಲಿ ಪಕ್ಕೆ, ಗಿರ್ಲು, ನಮ್ಮ ಮುರುಗೋಡು ಎಲ್ಲವನ್ನೂ ತಿನ್ನುತ್ತದೆ. ಅತ್ತ ಬಾಳೆ ಮೀನು ಅಳಿವಿನ ಅಂಚಿಗೆ ಸಾಗುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ. ಆಫ್ರಿಕನ್ ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ, ಇನ್ನೊಂದು ಕೆರೆಗಂತೂ ಹಾಕಲೇಬೇಡಿ. ಮೊಳಕ್ಕಿಂತ ಸಣ್ಣ ಬಾಳೆ ಸಿಕ್ಕರೆ ಇಕ್ಕಳದಿಂದ ಗಾಳ ಬಿಡಿಸಿ ಹೊಳೆಗೇ ಬಿಟ್ಟುಬಿಡಿ.