ಬಿಗಿದ ಬೋಲ್ಟಿನ ಕೆಳಗಿನ ಜಾರಾಟ

ಕಬ್ಬು ನುರಿಸುವ ಹಂಗಾಮಿನಲ್ಲಿ ಕೊಗನೊಳ್ಳಿಯ ಹೆದ್ದಾರಿಯ ಬದಿಗೆ ನಿಂತವರಿಗೆ, ಕಬ್ಬಿಳಿಸಿ ಬರಿದಾಗಿ ಮರಳುವ ಟ್ರ್ಯಾಕ್ಟರ್ ಟ್ರೇಲರುಗಳ ಖಣಖಣ ಸದ್ದು ಹೊಸದಲ್ಲ. ಆ ಸದ್ದು ಬಹುಮಟ್ಟಿಗೆ ಸಡಿಲಾದ ಕೀಲುಗಳದು. ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಇಲ್ಲಿ ವಿಚಾರಿಸಹೊರಟಿರುವುದು ಗಟ್ಟಿಯಾಗಿ ಬಿಗಿದ, ಸದ್ದೇ ಮಾಡದ ಬೋಲ್ಟನ್ನು.

ಒಂದರ ತುದಿಯ ಮೇಲೆ ಇನ್ನೊಂದರ ತುದಿಯನ್ನಿಟ್ಟು ಬೋಲ್ಟಿನಿಂದ ಬಿಗಿದ ಎರಡು ಉಕ್ಕಿನ ಪಟ್ಟಿಗಳನ್ನು ಊಹಿಸಿಕೊಳ್ಳೋಣ. ಬೋಲ್ಟಿನ ಒತ್ತಡ ಅದರ ಸುತ್ತಮುತ್ತ ಪ್ರಬಲ, ಅಂಚಿಗೆ ಹೋದಂತೆ ಕ್ಷೀಣ. ಆದುದರಿಂದ ಪಟ್ಟಿಗಳು ಕಂಪಿಸುವಾಗ ಅಂಚಿನ ಭಾಗ ಮೊದಲು ಜಾರುತ್ತದೆ; ಬೋಲ್ಟಿನ ಸಮೀಪದ ಭಾಗ ಅಂಟಿಕೊಂಡೇ ಇರುತ್ತದೆ. ಕಂಪನ ಹೆಚ್ಚಿದಷ್ಟೂ ಜಾರುವ ಪ್ರದೇಶ ಒಳಕ್ಕೆ ಹಬ್ಬುತ್ತದೆ. ಇದೆಲ್ಲ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು.

ಇದನ್ನು ಲೆಕ್ಕಕ್ಕೆ ತರುವುದು ಹೇಗೆ? ನೆಲದ ಮೇಲೆ ಮೂರು ಇಟ್ಟಿಗೆಗಳಿವೆಯೆನ್ನೋಣ. ಒಂದೊಂದಕ್ಕೂ ಒಂದೇ ಬಗೆಯ ಸ್ಪ್ರಿಂಗು ಕಟ್ಟಿ, ಮೂರು ಸ್ಪ್ರಿಂಗುಗಳನ್ನೂ ಒಂದೇ ಕೋಲಿಗೆ ಸೇರಿಸಿದೆ. ಸ್ಪ್ರಿಂಗು 1 ಅಂಶ ಹಿಗ್ಗಿದರೆ 1 ಮಾನ ಬಲ. ಇಟ್ಟಿಗೆಗಳ ತೂಕ ಬೇರೆಬೇರೆಯಾದುದರಿಂದ ಅವು ಕ್ರಮವಾಗಿ 1, 2, 3 ಮಾನ ಬಲಕ್ಕೆ ಜಾರುತ್ತವೆ. ಕೋಲನ್ನು 1 ಅಂಶ ಎಳೆದರೆ ಒಟ್ಟು ಬಲ 3. ಎರಡು ಅಂಶ ಎಳೆದರೆ 6 ಆಗಬೇಕಿತ್ತು. ಆದರೆ ಮೊದಲನೆಯ ಇಟ್ಟಿಗೆ 1ಕ್ಕೇ ಜಾರಿಬಿಟ್ಟಿತು, ಬಲ 5 ಮಾತ್ರ. ಮೂರು ಅಂಶಕ್ಕೆ 9ರ ಬದಲು 6. ಎಳೆತಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಕಾಗದದ ಮೇಲೆ ಬರೆದರೆ ಅದು ನೇರ ಗೆರೆಯಾಗದೆ ಬಾಗುತ್ತದೆ. ಅರೇಖೀಯವೆಂಬ ಮಾತಿನ ಅರ್ಥವಿಷ್ಟೆ. ಇಂಥ ಅಸಂಖ್ಯ 'ಇಟ್ಟಿಗೆ'ಗಳನ್ನು ಕೂಡಿಸಿದ ಗಣಿತರೂಪವನ್ನು ಅಮೆರಿಕದ ಐವಾನ್ 1966ರಲ್ಲಿ ಪ್ರಕಟಿಸಿದರು; ಬೋಲ್ಟಿನ ಕೀಲುಗಳಿಗೆ ಇಂದಿಗೂ ಅದರ ಉಪಯೋಗ ಉಂಟು.

ಈಗ ಫಲವನ್ನು ನೋಡೋಣ. ಅಂಶವೊಂದಕ್ಕೆ 3 ಇದ್ದ ಬಿಗುಪು 2ಕ್ಕೆ ಇಳಿಯಿತು. ಕಂಪನಸಂಖ್ಯೆಯು ಬಿಗುಪಿನ ವರ್ಗಮೂಲವನ್ನು ಅನುಸರಿಸುವುದರಿಂದ, ಮೆಲ್ಲಗೆ ತಟ್ಟಿದಾಗ ಸೆಕೆಂಡಿಗೆ 100 ಸಲ ಕಂಪಿಸುವ ವ್ಯವಸ್ಥೆ ಬಲವಾಗಿ ಕುಲುಕಿದಾಗ ಸುಮಾರು 82 ಸಲ ಕಂಪಿಸುವುದು. ನಿಜವಾದ ತೊಲೆಯಲ್ಲಿ ಬಾಗುವುದು ಕೀಲೊಂದೇ ಅಲ್ಲವಾದುದರಿಂದ ಇಳಿತ ಇದಕ್ಕಿಂತ ಕಡಿಮೆ. ಆದರೂ ಕಾರ್ಖಾನೆಯಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಳೆದ ಸಂಖ್ಯೆಯನ್ನೇ ನಂಬಿ, ಎಂಜಿನಿನ ವೇಗ ಅದಕ್ಕೆ ತಾಕದಂತೆ ನೋಡಿಕೊಂಡ ಎಂಜಿನಿಯರನು ರಸ್ತೆಯಲ್ಲಿ ಮೋಸಹೋಗಬಹುದು. ಕೀಲನ್ನು ಬೆಸುಗೆಯಂತೆ ಎಣಿಸುವ ಸೋಮಾರಿತನ ನಮಗೆ ಒಪ್ಪಿಗೆಯಿಲ್ಲ.

ಜಾರಾಟದಿಂದ ಉಪಕಾರವೂ ಉಂಟು. ತಿಕ್ಕಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ರೇಖೀಯ ವ್ಯವಸ್ಥೆಯಲ್ಲಿ ಕಂಪನ ಇಮ್ಮಡಿಯಾದರೆ ಈ ನಷ್ಟ ನಾಲ್ಮಡಿ. ಕೀಲಿನಲ್ಲಿ ಅದು ನಾಲ್ಮಡಿಯನ್ನು ಮೀರಿ ಎಂಟುಮಡಿಯತ್ತ ಸಾಗುತ್ತದೆ. ಆದರೆ ಬೋಲ್ಟಿನ ತಲೆಯ ಕೆಳಗೂ ಪೂರ್ಣ ಜಾರಾಟ ತೊಡಗಿದರೆ ಬೋಲ್ಟು ತಾನಾಗಿಯೇ ತಿರುಗಿ ಸಡಿಲಾಗುವುದೆಂದು ಜರ್ಮನಿಯ ಯುಂಕರ್ 1969ರಲ್ಲಿ ತೋರಿಸಿದರು. ಖಣಖಣ ಆರಂಭವಾಗುವುದು ಆಮೇಲೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ರಂಧ್ರವಿರುವ ಎರಡು ಉಕ್ಕಿನ ಪಟ್ಟಿಗಳನ್ನು ಬೋಲ್ಟಿನಿಂದ ಬಿಗಿದು, ದಾರದಲ್ಲಿ ತೂಗುಹಾಕಿ, ತಟ್ಟಿ ಆಲಿಸಿರಿ. ನಟ್ಟನ್ನು ತುಸು ತುಸುವೇ ಸಡಿಲಿಸುತ್ತ ಮತ್ತೆ ಮತ್ತೆ ತಟ್ಟಿದರೆ ಸ್ವರ ಇಳಿಯುವುದು, ಬೇಗನೆ ಅಡಗುವುದು.